ಹೊಗೆ ನೋಡಿ ಒಲೆಯನ್ನು ಅರಿಯುವ ವಿದ್ಯೆ

ಒಲೆಗೆ ಹಸಿ ಸೌದೆ ಇಟ್ಟಿದ್ದಾರೆಂದು ತಿಳಿಯಲು ಅಡುಗೆಮನೆಯೊಳಗೆ ಹೋಗಬೇಕಾಗಿಲ್ಲ. ಹೆಂಚಿನ ಸಂದಿಯಿಂದ ಏಳುವ ಹೊಗೆಯೇ ಹೇಳುತ್ತದೆ. ಮಕ್ಕಳ ಮೈಟೊಕಾಂಡ್ರಿಯಾ ಕಾಯಿಲೆಗಳನ್ನು ಮೂತ್ರದಲ್ಲಿ ಹುಡುಕುವ ಲ್ಯಾಬಿನವರ ವಿದ್ಯೆ ಇಂಥದ್ದು.

ತಿಂದ ಅನ್ನವನ್ನು ಆಮ್ಲಜನಕದ ಜೊತೆ ಉರಿಸಿ ಶಕ್ತಿ ಮಾಡಿಕೊಡುವ ಒಲೆಗಳು ನಮ್ಮ ಜೀವಕೋಶಗಳೊಳಗಿನ ಮೈಟೊಕಾಂಡ್ರಿಯಾಗಳು. ಅವು ಕೆಟ್ಟರೆ ಹೆಚ್ಚು ಶಕ್ತಿ ಬೇಡುವ ಮಿದುಳು, ಹೃದಯ, ಸ್ನಾಯುಗಳು ಮೊದಲು ಸೊರಗುತ್ತವೆ. ಕೂರಲು ಕಲಿತಿದ್ದ ಮಗು ಜ್ವರ ಬಂದುಹೋದ ಮೇಲೆ ಕತ್ತು ನಿಲ್ಲಿಸಲಾರದೆ ಹೋಗಬಹುದು. ಸುಮಾರು 5,000 ಜನರಲ್ಲಿ ಒಬ್ಬರಿಗೆ ಇಂಥ ಕಾಯಿಲೆಗಳು ಬರುತ್ತವೆಂಬ ಅಂದಾಜಿದೆ. ಅರೆಬರೆ ಉರಿದುಳಿದ ಲ್ಯಾಕ್ಟಿಕ್, ಫ್ಯುಮಾರಿಕ್, ಮ್ಯಾಲಿಕ್ ಆಮ್ಲಗಳು ರಕ್ತಕ್ಕೆ ಸೇರುತ್ತವೆ; ಮೂತ್ರಪಿಂಡ ಅವನ್ನು ಸೋಸಿ ಹೊರಹಾಕುತ್ತದೆ. ಸೂಜಿಗೆ ಹೆದರಿ ಅತ್ತು ಒದ್ದಾಡಿದ ಮಗುವಿನ ರಕ್ತದಲ್ಲಿ ಕಾಯಿಲೆ ಇಲ್ಲದೆಯೂ ಲ್ಯಾಕ್ಟಿಕ್ ಆಮ್ಲ ಏರುತ್ತದೆ. ಮೂತ್ರ ಹಿಡಿಯಲು ಸೂಜಿಯೇ ಬೇಡ. ಹಲವು ಗಂಟೆಗಳ ಕಥೆ ಅದರಲ್ಲಿ ಕೂಡಿಕೊಂಡಿರುತ್ತದೆ.

ಲ್ಯಾಬಿನಲ್ಲಿ ಮೊದಲು ಅಳೆಯುವುದು ಮೂತ್ರದಲ್ಲಿರುವ ಕ್ರಿಯಾಟಿನಿನ್ ಎಂಬ ವಸ್ತುವನ್ನು. ಮಗು ನೀರು ಹೆಚ್ಚು ಕುಡಿದಿದ್ದರೆ ಮೂತ್ರ ತೆಳುವಾಗಿರುತ್ತದೆ. ಆ ವ್ಯತ್ಯಾಸವನ್ನು ಸರಿದೂಗಿಸಲು ಇದು ಬೇಕು. ಬಳಿಕ ಮೂತ್ರಕ್ಕೆ ಆಮ್ಲ ಹಾಕಿ, ಉಪ್ಪು ಕರಗಿಸಿ, ಈಥೈಲ್ ಅಸಿಟೇಟ್ ಸೇರಿಸಿ ಕುಲುಕುತ್ತಾರೆ. ಸಾವಯವ ಆಮ್ಲಗಳು ನೀರು ಬಿಟ್ಟು ಮೇಲಿನ ಪದರಕ್ಕೆ ಏರುತ್ತವೆ. ಆ ಪದರವನ್ನು ಬೇರೆ ಮಾಡಿ, ನೈಟ್ರೋಜನ್ ಅನಿಲ ಹಾಯಿಸಿ ಆರಿಸಿದರೆ ಸೀಸೆಯ ತಳದಲ್ಲಿ ಕಂಡೂ ಕಾಣದಷ್ಟು ಪಸೆ ಉಳಿಯುತ್ತದೆ. ಕಾಯಿಸಿದರೆ ಈ ಆಮ್ಲಗಳು ಸುಲಭವಾಗಿ ಆವಿಯಾಗುವುದಿಲ್ಲ. ಹಾಗಾಗಿ ಒಂದೊಂದಕ್ಕೂ ಸಿಲಿಕಾನ್ ಇರುವ ಪುಟ್ಟ ಗುಂಪೊಂದನ್ನು ರೆಕ್ಕೆಯಂತೆ ಅಂಟಿಸುತ್ತಾರೆ. ಹೀಗೆ ರೆಕ್ಕೆ ಬಂದವು ಸಾಮಾನ್ಯವಾಗಿ 30 ಮೀಟರ್ ಉದ್ದದ, ಕೂದಲೆಳೆಯಷ್ಟು ಸಣ್ಣ ಒಳದಾರಿಯ ಕೊಳವೆಯಲ್ಲಿ ಹಾರುತ್ತ ಹೋಗಿ, ತಂತಮ್ಮ ಗಳಿಗೆಗೆ ಹೊರಬರುತ್ತವೆ. ತುದಿಯಲ್ಲಿ ಎಲೆಕ್ಟ್ರಾನುಗಳ ಪೆಟ್ಟು ತಿಂದು ಚೂರಾಗುತ್ತವೆ. ಚೂರುಗಳ ತೂಕದ ಸಾಲೇ ಆ ಆಮ್ಲದ ಗುರುತು. ಇದೇ ಗ್ಯಾಸ್ ಕ್ರೊಮ್ಯಾಟೊಗ್ರಫಿ–ಮಾಸ್ ಸ್ಪೆಕ್ಟ್ರೊಮೆಟ್ರಿ. 1966ರಲ್ಲಿ ಕೇ ತನಾಕಾ ಮತ್ತು ಸಂಗಡಿಗರು ಐಸೊವಲೆರಿಕ್ ಅಸಿಡೀಮಿಯಾ ಎಂಬ ಕಾಯಿಲೆಯನ್ನು ಗುರುತಿಸಿದ್ದು ಈ ತಂತ್ರದಿಂದಲೇ.

ಯಂತ್ರ ಗೆರೆ ಬರೆದುಕೊಡುತ್ತದೆ, ಓದಬೇಕಾದವರು ಮನುಷ್ಯರು. 3-ಮೀಥೈಲ್‌ಗ್ಲುಟಾಕೋನಿಕ್ ಆಮ್ಲ ಏರಿದ್ದು, ಹುಡುಗನ ಹೃದಯ ದುರ್ಬಲವಾಗಿದ್ದು, ಬಿಳಿ ರಕ್ತಕಣಗಳೂ ಕಡಿಮೆಯಿದ್ದರೆ ಬಾರ್ಥ್ ಸಿಂಡ್ರೋಮ್ ಎಂಬ ಮೈಟೊಕಾಂಡ್ರಿಯಾ ಕಾಯಿಲೆ ನೆನಪಿಗೆ ಬರಬೇಕು. ಇನ್ನೊಂದು ಆಮ್ಲ ಏರಿದ್ದಕ್ಕೆ ಮಗು ಕುಡಿದ ವಿಶೇಷ ಎಣ್ಣೆಯಂಶದ ಹಾಲಿನಪುಡಿಯೇ ಕಾರಣವಿರಬಹುದು, ಫಿಟ್ಸ್‌ಗೆ ಕೊಟ್ಟ ವ್ಯಾಲ್ಪ್ರೊಯೇಟ್ ಇರಬಹುದು, ತಡವಾಗಿ ತಲುಪಿದ ಸೀಸೆಯಲ್ಲಿ ಬೆಳೆದ ಬ್ಯಾಕ್ಟೀರಿಯಾ ಇರಬಹುದು. ಆದ್ದರಿಂದ ಒಳ್ಳೆಯ ಪರೀಕ್ಷಕರು ಗೆರೆಗೆ ಮುಂಚೆ ಚೀಟಿ ಓದುತ್ತಾರೆ: ಮಗು ಏನು ತಿಂದಿತ್ತು, ಯಾವ ಔಷಧಿ, ಮೂತ್ರ ಹಿಡಿದದ್ದು ಯಾವಾಗ? ವರದಿ ಸರಿಯಿದ್ದಮಾತ್ರಕ್ಕೆ ಕಾಯಿಲೆ ಇಲ್ಲವೆನ್ನಲೂ ಆಗದು. ಮೂತ್ರ ದಾರಿ ತೋರಿಸುತ್ತದೆ. ಖಚಿತಪಡಿಸಲು ವಂಶವಾಹಿ ಪರೀಕ್ಷೆ ಬೇಕು.

ಆ ಪರೀಕ್ಷೆಗೂ ಮೂತ್ರ ಒದಗುವುದುಂಟು. ಮೈಟೊಕಾಂಡ್ರಿಯಾಕ್ಕೆ ತನ್ನದೇ ಡಿಎನ್‌ಎ ಇದೆ, 37 ವಂಶವಾಹಿಗಳ ಪುಟ್ಟ ಉಂಗುರ. ಅದು ತಾಯಿಯಿಂದ ಬರುತ್ತದೆ. ಅದರ 3243ನೇ ಸ್ಥಾನದಲ್ಲಿ ಒಂದೇ ಅಕ್ಷರ ಬದಲಾದರೆ ಪಾರ್ಶ್ವವಾಯುವಿನಂಥ ಆಘಾತಗಳನ್ನು ತರುವ ಮೆಲಾಸ್ ಕಾಯಿಲೆ ಬರಬಹುದೆಂದು 1990ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಈ ತಪ್ಪಕ್ಷರದ ಪ್ರಮಾಣ ವಯಸ್ಸಾದಂತೆ ರಕ್ತದಲ್ಲಿ ಇಳಿಯುತ್ತ ಹೋಗುತ್ತದೆ. ಮೂತ್ರದ ಗಸಿಯಲ್ಲಿ ಸಿಗುವ ಜೀವಕೋಶಗಳಲ್ಲಿ ಮಾತ್ರ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ. ತಾಯಿಯ ರಕ್ತದಲ್ಲಿ ಕಾಣದೆ ಉಳಿದ ಗುರುತು ಅವಳ ಮೂತ್ರದಲ್ಲಿ ಸಿಗಬಹುದು. ಸ್ನಾಯುವಿನ ಚೂರು ಕತ್ತರಿಸಿ ತೆಗೆಯುವ ನೋವು ಎಷ್ಟೋ ಸಲ ತಪ್ಪುತ್ತದೆ.

ಇಷ್ಟೆಲ್ಲ ಸೂಕ್ಷ್ಮ ಓದು ಕೊನೆಗೆ ನಿಂತಿರುವುದು ರಾತ್ರಿ ಪಾಳಿಯ ನರ್ಸ್ ಕೈಯಲ್ಲಿ. ಮಗು ವಾಂತಿಯಾಗಿ, ಮಂಪರಾಗಿ ಬಂದಾಗಲೇ ಹೊಗೆ ದಟ್ಟವಾಗಿರುವುದು. ಗ್ಲೂಕೋಸ್ ಡ್ರಿಪ್ ಏರಿ ಮಗು ಚೇತರಿಸಿಕೊಂಡಂತೆ ಆ ಗುರುತುಗಳು ಮಾಸಬಹುದು. ಚಿಕಿತ್ಸೆ ಒಂದು ನಿಮಿಷವೂ ಕಾಯಬಾರದು, ನಿಜ. ಆದರೆ ಬಂದೊಡನೆ ಮಗು ಹೊಯ್ದ ಮೊದಲ ಮೂತ್ರವನ್ನು ಚೆಲ್ಲದೆ ಸೀಸೆಯಲ್ಲಿ ಹಿಡಿದು, ಹೆಸರು ಮತ್ತು ಹೊತ್ತು ಬರೆದು, ಫ್ರೀಜರಿನಲ್ಲಿಟ್ಟರೆ ಸಾಕು. ಮುಂದಿನ ಓದು ಶುರುವಾಗುವುದೇ ಆ ಸೀಸೆಯಿಂದ.