ದರ್ಜಿಯ ಧರ್ಮ

ಧಾರ್ಮಿಕ ನಾಯಕನೆಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರ ಪೀಠದ ಮೇಲೆ ಕುಳಿತವರದು, ಇಲ್ಲವೆ ಸಾವಿರಾರು ಜನರ ಎದುರು ನಿಂತು ಉಪದೇಶ ಮಾಡುವವರದು. ಇಂದು ನಾನು ಹೇಳಹೊರಟಿರುವ ವ್ಯಕ್ತಿಗೆ ಪೀಠವೂ ಇರಲಿಲ್ಲ, ಪೀಠಕ್ಕೊಪ್ಪುವ ವೇಷವೂ ಇರಲಿಲ್ಲ. ಅಮೆರಿಕ ಇನ್ನೂ ಬ್ರಿಟಿಷರ ವಸಾಹತಾಗಿದ್ದ ಕಾಲದಲ್ಲಿ, ನ್ಯೂ ಜೆರ್ಸಿ ಪ್ರಾಂತದ ಮೌಂಟ್ ಹಾಲಿ ಎಂಬ ಸಣ್ಣ ಊರಿನಲ್ಲಿ ಬಟ್ಟೆ ಹೊಲಿದು ಬದುಕಿದ ಜಾನ್ ವುಲ್ಮನ್ ಅವನು. ೧೭೨೦ರಲ್ಲಿ ಹುಟ್ಟಿ ೧೭೭೨ರಲ್ಲಿ ತೀರಿಕೊಂಡ. ಅವನು ಬರೆದಿಟ್ಟ ದಿನಚರಿ ೧೭೭೪ರಲ್ಲಿ ಅಚ್ಚಾಯಿತು. ವುಲ್ಮನ್ನನ ಬರಹಗಳನ್ನು ಬಾಯಿಪಾಠ ಮಾಡಿರೆಂದು ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್ ತನ್ನ ಓದುಗರಿಗೆ ಸಲಹೆಯಿತ್ತಿದ್ದಾನೆ. ನಾನು ಆ ಪುಸ್ತಕವನ್ನು ಕೈಗೆತ್ತಿಕೊಂಡದ್ದು ಲ್ಯಾಂಬನ ಮಾತನ್ನು ನಂಬಿ, ಗದ್ಯದ ಸೊಗಸಿಗಾಗಿ. ಅದು ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಬೇರೆಯೇ ಕಾರಣಕ್ಕೆ.

ವುಲ್ಮನ್ ಕ್ವೇಕರ್ ಪಂಥಕ್ಕೆ ಸೇರಿದವನು. ಈ ಕ್ರೈಸ್ತ ಪಂಥದವರು ತಮ್ಮನ್ನು 'ಸ್ನೇಹಿತರು' ಎಂದು ಕರೆದುಕೊಳ್ಳುತ್ತಾರೆ. ಅಂದಿನ ಅವರ ಆರಾಧನೆಯಲ್ಲಿ ಪುರೋಹಿತನಿರಲಿಲ್ಲ, ಸಂಗೀತವಿರಲಿಲ್ಲ. ಎಲ್ಲರೂ ಮೌನವಾಗಿ ಕೂರುವರು. ಅಂತರಂಗದ ಪ್ರೇರಣೆಯಾದವರು ಎದ್ದು ನಾಲ್ಕು ಮಾತಾಡಿ ಮತ್ತೆ ಕೂರುವರು. ಸಂಘದ ವ್ಯವಹಾರಗಳನ್ನು ತೀರ್ಮಾನಿಸುವಾಗಲೂ ಮತ ಎಣಿಸುವ ಪದ್ಧತಿಯಿಲ್ಲ. ಸಭೆಯ ಒಟ್ಟು ಅಭಿಪ್ರಾಯ ಯಾವ ಕಡೆಗೆ ವಾಲಿದೆಯೆಂಬುದನ್ನು ಸಭೆಯ ಲೇಖಕ ಗ್ರಹಿಸಿ ಬರೆದುಕೊಳ್ಳುತ್ತಾನೆ. ಒಮ್ಮತ ಮೂಡದಿದ್ದರೆ ವಿಷಯ ಮುಂದಕ್ಕೆ ಹೋಗುತ್ತದೆ. ಇಂಥ ಸಮಾಜದಲ್ಲಿ ಮುಂದಾಳಾಗುವುದೆಂದರೆ ಹೇಗೆ? ಆಜ್ಞೆ ಮಾಡುವಂತಿಲ್ಲ, ಬಹುಮತದಿಂದ ಸೋಲಿಸುವಂತಿಲ್ಲ. ಎದುರಿಗಿರುವವನ ಮನಸ್ಸು ತಿರುಗುವವರೆಗೆ ಕಾಯಬೇಕು. ಸುಮ್ಮನೆ ಕಾದರೆ ಅದು ತಿರುಗುವುದೂ ಇಲ್ಲ. ಪ್ರತಿಯೊಬ್ಬ ಮನುಷ್ಯನಲ್ಲಿಯೂ ದೇವರ ಬೆಳಕಿದೆಯೆಂದು ನಂಬಿದ ಈ ಜನರಲ್ಲಿಯೇ ಅನೇಕರು ಆಫ್ರಿಕದ ಮನುಷ್ಯರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದರು. ಫಿಲಡೆಲ್ಫಿಯದ ಸಭೆಯ ಗಣ್ಯರಲ್ಲಿಯೂ ಅಂಥವರಿದ್ದರು.

ವುಲ್ಮನ್ ಇಪ್ಪತ್ತು ದಾಟಿದ ತರುಣ. ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸ. ಅಂಗಡಿಯ ಯಜಮಾನ ತನ್ನ ಗುಲಾಮ ಹೆಂಗಸೊಬ್ಬಳನ್ನು ಮಾರಿದ; ಕೊಂಡವನು ಬಾಗಿಲಲ್ಲಿ ಕಾಯುತ್ತಿದ್ದಾನೆ; ಕ್ರಯಪತ್ರ ಬರೆದುಕೊಡು ಎಂದು ಗುಮಾಸ್ತನಿಗೆ ಅಪ್ಪಣೆಯಾಯಿತು. ಮುನ್ಸೂಚನೆಯಿಲ್ಲದೆ ಬಂದ ಮಾತು. ಯೋಚಿಸಲು ವ್ಯವಧಾನವಿಲ್ಲ. ವರ್ಷದ ಸಂಬಳಕ್ಕೆ ಗೊತ್ತಾದ ಕೆಲಸ, ಹೇಳುತ್ತಿರುವವನು ಅನ್ನ ಕೊಡುವ ಧಣಿ, ಕೊಳ್ಳುವವನೂ ತನ್ನದೇ ಪಂಥದ ವಯೋವೃದ್ಧ. ತರುಣ ಕ್ರಯಪತ್ರ ಬರೆದುಕೊಟ್ಟ. ಬರೆದು ಮುಗಿಸುವಷ್ಟರಲ್ಲಿ ಅವನ ಮನಸ್ಸು ಎಷ್ಟು ಕದಡಿತೆಂದರೆ, ಗುಲಾಮರನ್ನು ಇಟ್ಟುಕೊಳ್ಳುವುದು ಕ್ರೈಸ್ತಧರ್ಮಕ್ಕೆ ಒಪ್ಪುವಂಥದಲ್ಲವೆಂದು ಇಬ್ಬರು ಹಿರಿಯರ ಎದುರಿನಲ್ಲಿಯೇ ಹೇಳಿಬಿಟ್ಟ. ಆದರೂ ಕಾಗದವಂತೂ ಅವನ ಕೈಯಿಂದ ಹೊರಟುಹೋಗಿತ್ತು.

ಮತ್ತೊಬ್ಬರಿಗಾಗಿ ಕಾಗದ ಬರೆದುಕೊಡುವ ಕೆಲಸದಲ್ಲಿ ಬಹಳ ವರ್ಷಗಳನ್ನು ಕಳೆದ ನನಗೆ ಈ ಪ್ರಸಂಗವನ್ನು ಓದಿದಾಗ ಪುಸ್ತಕ ಮುಚ್ಚಿಡಬೇಕೆನಿಸಿತು. ಬರೆದವನು ನಾನು, ಸಹಿ ಬೇರೆಯವರದು ಎಂಬ ಸಮಾಧಾನ ಎಷ್ಟು ಸಲ ನನ್ನನ್ನು ಕಾಪಾಡಿದೆ! ವುಲ್ಮನ್ ಆ ಸಮಾಧಾನವನ್ನು ತಂದುಕೊಳ್ಳಲಿಲ್ಲ. ಆಕ್ಷೇಪಣೆಯನ್ನು ಹೇಳಿದೆನಲ್ಲ ಎಂದೂ ಸುಮ್ಮನಾಗಲಿಲ್ಲ. ಮುಂದೆ ಇಂಥದೇ ಪತ್ರವೊಂದನ್ನು ಬರೆಯಲು ಕೇಳಿದಾಗ ಒಲ್ಲೆನೆಂದ. ಅಕ್ಷರ ಬಲ್ಲವನೆಂದು ನೆರೆಹೊರೆಯವರು ಉಯಿಲು ಬರೆಸಲು ಬರುತ್ತಿದ್ದರು. ಗುಲಾಮರನ್ನು ಮಕ್ಕಳಿಗೆ ಬಿಟ್ಟುಹೋಗುವ ಮಾತಿದ್ದರೆ ಆ ಉಯಿಲಿಗೆ ಕೈಹಚ್ಚುತ್ತಿರಲಿಲ್ಲ. ಒಮ್ಮೆ ಪೆಟ್ಟುಬಿದ್ದು ಹಾಸಿಗೆ ಹಿಡಿದ ನೆರೆಯವನೊಬ್ಬ ಉಯಿಲು ಬರೆದುಕೊಡಲು ಕೇಳಿದ. ವುಲ್ಮನ್ ಉಳಿದುದೆಲ್ಲವನ್ನೂ ಬರೆದು, ಗುಲಾಮ ಹುಡುಗಿಯ ವಿಷಯವೊಂದನ್ನು ಬಿಟ್ಟು, ಕಾಗದವನ್ನು ಅವನ ಕೈಗಿತ್ತು, ಬಿಟ್ಟ ಕಾರಣವನ್ನು ಸ್ನೇಹದಿಂದಲೇ ಹೇಳಿದ. ಮಾತುಕತೆ ನಡೆದು ಕಡೆಗೆ ಆ ಮನುಷ್ಯ ಹುಡುಗಿಯನ್ನು ಬಿಡುಗಡೆ ಮಾಡಲು ಒಪ್ಪಿದ. ಆಮೇಲೆ ವುಲ್ಮನ್ ಉಯಿಲನ್ನು ಪೂರ್ತಿಮಾಡಿದ.

ಇದಕ್ಕೆ ಎದುರಾಗಿ ಇನ್ನೊಬ್ಬನನ್ನು ನೆನೆಯಬೇಕು. ಬೆಂಜಮಿನ್ ಲೇ ಎಂಬ ಕುಳ್ಳ ದೇಹದ, ಬೆನ್ನು ಬಾಗಿದ ಕ್ವೇಕರನೊಬ್ಬ ೧೭೩೮ರಲ್ಲಿ ತನ್ನವರ ವಾರ್ಷಿಕ ಸಭೆಗೆ ಮೇಲಂಗಿಯೊಳಗೆ ಸೈನಿಕವೇಷ ತೊಟ್ಟು ಬಂದ. ಒಳಗನ್ನು ಕೊರೆದ ಪುಸ್ತಕವೊಂದರಲ್ಲಿ ಕೆಂಪು ಹಣ್ಣಿನ ರಸ ತುಂಬಿದ ಚೀಲವನ್ನಿಟ್ಟು, ಎಲ್ಲರೂ ನೋಡುತ್ತಿರುವಂತೆ ಅದನ್ನು ಕತ್ತಿಯಿಂದ ಇರಿದ. ಸುತ್ತಲಿದ್ದ ಗುಲಾಮರ ಒಡೆಯರ ಮೇಲೆ ನೆತ್ತರಿನಂಥ ರಸ ಸಿಡಿಯಿತು. ಅವನನ್ನು ಹೊರಗೆ ಹಾಕಿದರು. ಲೇ ಆಡಿದ್ದು ಸತ್ಯವೇ. ಅವನ ಎದೆಗಾರಿಕೆಯನ್ನು ಅಲ್ಲಗಳೆಯುವ ಮನಸ್ಸು ನನಗಿಲ್ಲ. ನೆಲ ಹದವಾದದ್ದು ಅವನಂಥವರ ಕೂಗಿನಿಂದಲೂ ಹೌದು. ಆದರೆ ಬೈಸಿಕೊಂಡವನು ಬೈಗುಳನ್ನು ಮರೆಯುವುದಕ್ಕೆ ದಾರಿ ಹುಡುಕುತ್ತಾನೆ. ತನ್ನ ಮನೆಗೇ ಬಂದು, ತನ್ನ ಎದುರಿಗೇ ಕುಳಿತು, ತನ್ನನ್ನು ಪ್ರೀತಿಸುತ್ತಲೇ ನೀನು ಮಾಡುತ್ತಿರುವುದು ತಪ್ಪು ಎನ್ನುವವನಿಂದ ತಪ್ಪಿಸಿಕೊಳ್ಳುವುದು ಕಷ್ಟ.

ಹಾಗೆ ಮನೆಮನೆಗೆ ಹೋಗಬೇಕಾದರೆ ಮೊದಲು ತನ್ನ ಮನೆಯ ಲೆಕ್ಕ ಶುದ್ಧವಾಗಿರಬೇಕಷ್ಟೆ. ವುಲ್ಮನ್ನನ ವ್ಯಾಪಾರ ಚೆನ್ನಾಗಿಯೇ ಕುದುರಿತ್ತು. ಬಟ್ಟೆಬರೆ ಮಾರುತ್ತ ಮಾರುತ್ತ ಅಂಗಡಿ ಬೆಳೆಯಿತು. ಬೆಳೆಯುತ್ತಿರುವುದೇ ಅವನಿಗೆ ಭಾರವೆನಿಸಿತು. ಗಿರಾಕಿಗಳಿಗೆ ತಾನೇ ಬೇರೆ ಅಂಗಡಿಯ ದಾರಿ ತೋರಿಸಿ, ೧೭೫೬ರ ಸುಮಾರಿಗೆ ಮಾರಾಟವನ್ನೇ ಬಿಟ್ಟು, ಸಹಾಯಕ್ಕೆ ಯಾರನ್ನೂ ಇಟ್ಟುಕೊಳ್ಳದೆ ದರ್ಜಿಯ ಕೆಲಸವನ್ನೂ ಸೇಬಿನ ತೋಟವನ್ನೂ ಉಳಿಸಿಕೊಂಡ. ವೆಸ್ಟ್ ಇಂಡೀಸಿನ ಗುಲಾಮರು ಬೆಳೆದ ಕಬ್ಬಿನಿಂದ ಬಂದ ಸಕ್ಕರೆ, ಕಾಕಂಬಿ, ರಮ್ಮುಗಳನ್ನು ಹಿಂದೆ ತಾನೂ ಮಾರಿದ್ದೆನಲ್ಲ ಎಂಬ ಕೊರಗು ಅವನನ್ನು ಕಡೆಯವರೆಗೂ ಬಿಡಲಿಲ್ಲ. ಬಣ್ಣ ಹಾಕಿದ ಬಟ್ಟೆಯನ್ನೂ ತೊರೆದ. ಬಣ್ಣ ಕೊಳೆಯನ್ನು ಮುಚ್ಚಿಡುತ್ತದೆಯೇ ಹೊರತು ತೊಳೆಯುವುದಿಲ್ಲ ಎಂಬುದು ದರ್ಜಿಯಾದ ಅವನ ವಾದ. ಬಣ್ಣವಿಲ್ಲದ ಟೊಪ್ಪಿಗೆ, ಬಣ್ಣವಿಲ್ಲದ ಅಂಗಿ ತೊಟ್ಟು ಸಭೆಗೆ ಹೋದರೆ ಸ್ವಂತ ಪಂಥದವರೇ ಸಂಕೋಚದಿಂದ ದೂರ ಕೂರುತ್ತಿದ್ದರು. ಅವನಿಗೂ ಅದು ಹಿತವಾಗಿರಲಿಲ್ಲವೆಂಬುದನ್ನು ದಿನಚರಿ ಮರೆಮಾಚುವುದಿಲ್ಲ.

೧೭೫೭ರಲ್ಲಿ ದಕ್ಷಿಣದ ಪ್ರಾಂತಗಳಲ್ಲಿ ಸಂಚರಿಸಿದಾಗ ಅವನಿಗೆ ಇನ್ನೊಂದು ತೊಡಕು. ಆತಿಥ್ಯ ನೀಡುವವರು ಗುಲಾಮರ ಒಡೆಯರು. ಬಡಿಸುವವರು, ಹಾಸಿಗೆ ಹಾಸುವವರು ಗುಲಾಮರು. ಉಣ್ಣದಿದ್ದರೆ ಸ್ನೇಹ ಕೆಡುತ್ತದೆ, ಉಂಡರೆ ಕೂಲಿಯಿಲ್ಲದ ದುಡಿಮೆಯಲ್ಲಿ ಪಾಲುಗಾರನಾದಂತೆ. ಅವನು ಸಣ್ಣ ಬೆಳ್ಳಿ ನಾಣ್ಯಗಳನ್ನು ಜೊತೆಯಲ್ಲಿಟ್ಟುಕೊಂಡು, ಹೊರಡುವಾಗ ಸೇವೆ ಮಾಡಿದವರಿಗೆ ತಾನೇ ಕೊಡುತ್ತಿದ್ದ, ಇಲ್ಲವೆ ಅವರಿಗೆ ಕೊಡಿರೆಂದು ಯಜಮಾನನ ಕೈಗೆ ಕೊಡುತ್ತಿದ್ದ. ಅತಿಥಿಯಿಂದ ಆ ಹಣ ತೆಗೆದುಕೊಳ್ಳುವ ಯಜಮಾನನ ಮುಖವನ್ನು ಊಹಿಸಿಕೊಳ್ಳಿ. ಯಾವ ಉಪದೇಶ ಅದಕ್ಕೆ ಸಾಟಿಯಾದೀತು?

ಮರುವರ್ಷ, ೧೭೫೮ರಲ್ಲಿ, ಫಿಲಡೆಲ್ಫಿಯದ ವಾರ್ಷಿಕ ಸಭೆಯಲ್ಲಿ ವಿಷಯ ಚರ್ಚೆಗೆ ಬಂತು. ಗುಲಾಮಗಿರಿಯನ್ನು ನೇರವಾಗಿ ಸಮರ್ಥಿಸಿದವರು ಇರಲಿಲ್ಲವೆಂದೇ ಹೇಳಬೇಕು. ಕಾಲ ಪಕ್ವವಾಗಲಿ, ದೇವರೇ ದಾರಿ ತೋರುತ್ತಾನೆ ಎಂದವರು ಹಲವರು. ಬಹಳ ಹೊತ್ತು ಮೌನವಾಗಿದ್ದ ವುಲ್ಮನ್ ಎದ್ದು, ಕೆಲವರ ಲಾಭದ ಮುಲಾಜಿಗಾಗಿ ಕರ್ತವ್ಯವನ್ನು ಮುಂದೂಡಿ ದೇವರ ಕಡೆಗೆ ಕೈತೋರಿಸುವುದು ಸಲ್ಲದೆಂಬ ಅರ್ಥದ ಮಾತಾಡಿದ. ಗುಲಾಮರನ್ನು ಕೊಳ್ಳುವ, ಮಾರುವ ಸದಸ್ಯರನ್ನು ಸಂಘದ ಕಾರ್ಯಕಲಾಪಗಳಿಂದ ದೂರವಿಡಬೇಕೆಂದೂ, ಒಡೆಯರ ಮನೆಗಳಿಗೆ ಹೋಗಿ ತಿಳಿಹೇಳಬೇಕೆಂದೂ ಸಭೆ ನಿರ್ಧರಿಸಿತು. ಹಾಗೆ ಹೋದವರಲ್ಲಿ ವುಲ್ಮನ್ ಒಬ್ಬ. ವರ್ಷಗಟ್ಟಲೆ ನಡೆದ ಈ ಭೇಟಿಗಳಲ್ಲಿ ಕೆಲವರು ಗುಲಾಮರನ್ನು ಬಿಟ್ಟರು, ಕೆಲವರು ಬಿಡಲಿಲ್ಲ. ಅವನು ಸತ್ತು ನಾಲ್ಕು ವರ್ಷಗಳ ಮೇಲೆ, ೧೭೭೬ರಲ್ಲಿ, ಗುಲಾಮರನ್ನು ಬಿಡಲೊಪ್ಪದವರನ್ನು ಅದೇ ಸಭೆ ಪಂಥದಿಂದ ಹೊರಗಿಟ್ಟಿತು. ಮುಂದೆ ೧೭೮೭ರಲ್ಲಿ ಗುಲಾಮರ ವ್ಯಾಪಾರವನ್ನು ನಿಲ್ಲಿಸಲು ಲಂಡನ್ನಿನಲ್ಲಿ ಹುಟ್ಟಿಕೊಂಡ ಸಮಿತಿಯ ಹನ್ನೆರಡು ಸ್ಥಾಪಕರಲ್ಲಿ ಒಂಬತ್ತು ಮಂದಿ ಕ್ವೇಕರರಾಗಿದ್ದರು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ವುಲ್ಮನ್ನನನ್ನು ಸಂತನ ಗೂಡಿನಲ್ಲಿಟ್ಟಂತಾದೀತು. ಅವನು ಬರೆದಿಟ್ಟ ಇನ್ನೊಂದು ಸಂಗತಿಯಿದೆ. ಹಿಂದೆ ಸತ್ತವನೊಬ್ಬನ ಉಯಿಲನ್ನು ಜಾರಿಗೊಳಿಸುವ ಇಬ್ಬರಲ್ಲಿ ಒಬ್ಬನಾಗಿದ್ದಾಗ, ಕರಿಯ ಹುಡುಗನೊಬ್ಬನನ್ನು ಅವನಿಗೆ ಮೂವತ್ತು ತುಂಬುವವರೆಗೆ ದುಡಿಯಬೇಕೆಂಬ ಷರತ್ತಿನ ಮೇಲೆ ಮಾರಿ, ಬಂದ ಹಣವನ್ನು ಆಸ್ತಿಗೆ ಸೇರಿಸಿದ್ದ. ಬಿಳಿಯ ಹುಡುಗನಾಗಿದ್ದರೆ ಇಪ್ಪತ್ತೊಂದಕ್ಕೆ ಬಿಡುಗಡೆ. ಹೆಚ್ಚಿನ ಒಂಬತ್ತು ವರ್ಷ ಆ ಹುಡುಗನಿಂದ ಕದ್ದದ್ದು. ವರ್ಷಗಳು ಉರುಳಿದ ಮೇಲೆ ಇದು ಅವನ ನಿದ್ದೆಗೆಡಿಸಿತು. ಇಬ್ಬರಲ್ಲಿ ತಾನೊಬ್ಬನಾದುದರಿಂದ ಒಂಬತ್ತರಲ್ಲಿ ಅರ್ಧ, ಕೊನೆಯ ನಾಲ್ಕೂವರೆ ವರ್ಷದ ದುಡಿಮೆಗೆ ನ್ಯಾಯವಾದ ಬೆಲೆಯನ್ನು ಕೊಂಡವನಿಗೆ ತಾನೇ ತೆರುವುದಾಗಿ ಕರಾರುಪತ್ರ ಬರೆದುಕೊಟ್ಟ. ಕ್ರಯಪತ್ರ ಬರೆದಿದ್ದ ಕೈಯೇ ಇದನ್ನೂ ಬರೆಯಿತು. ಅಪರಾಧವನ್ನು ವರ್ಷ, ತಿಂಗಳುಗಳ ಲೆಕ್ಕದಲ್ಲಿ ಅಳೆಯಬಹುದೇ ಎಂದು ನೀವು ಕೇಳಬಹುದು. ಅಳೆಯಲಾಗದು. ಆದರೆ ಪಶ್ಚಾತ್ತಾಪಕ್ಕೆ ಒಂದು ಮೊತ್ತವೆಂಬುದು ಗೊತ್ತಾಗದಿದ್ದರೆ ನಾವು ಸಾಮಾನ್ಯವಾಗಿ ಏನನ್ನೂ ತೆರುವುದಿಲ್ಲವೆಂಬುದೂ ನಿಜ.

೧೭೭೦ರಲ್ಲಿ ಕಾಯಿಲೆ ಮಲಗಿದಾಗ ಅವನಿಗೊಂದು ದರ್ಶನವಾಯಿತು: ಗಣಿಗಳಲ್ಲಿ ಕ್ರೈಸ್ತರಿಗಾಗಿ ಅಗೆಯುತ್ತಿರುವ ದೀನರು ಕ್ರಿಸ್ತನ ಹೆಸರನ್ನೇ ಶಪಿಸುತ್ತಿದ್ದಾರೆ. ಎದ್ದ ಮೇಲೆ ಬೆಳ್ಳಿಯ ಪಾತ್ರೆಯಲ್ಲಿ ನೀರು ಕುಡಿಯುವುದನ್ನೂ ಬಿಟ್ಟ.

೧೭೭೨ರ ಬೇಸಗೆಯಲ್ಲಿ ಇಂಗ್ಲೆಂಡಿಗೆ ಹೋದ. ಹಡಗಿನ ಮೇಲಂತಸ್ತಿನ ಕೋಣೆಯ ಕೆತ್ತನೆಯ ಆಡಂಬರ ಒಲ್ಲದೆ ಕೆಳಗಿನ ಕತ್ತಲಿನಲ್ಲಿ ನಾವಿಕರ ಜೊತೆ ಪಯಣಿಸಿದ. ಇಂಗ್ಲೆಂಡಿನಲ್ಲಿ ಬಾಡಿಗೆಯ ಕುದುರೆಗಾಡಿ ಹತ್ತಲಿಲ್ಲ. ವೇಗಕ್ಕಾಗಿ ಕುದುರೆಗಳನ್ನು ಸಾಯಹೊಡೆಯುತ್ತಾರೆ, ಗಾಡಿಯ ಹುಡುಗರು ಚಳಿಯಲ್ಲಿ ಹೆಪ್ಪುಗಟ್ಟುತ್ತಾರೆ ಎಂದು ಕೇಳಿದ್ದ. ತನಗೆ ಟಪಾಲಿನಲ್ಲಿ ಕಾಗದ ಹಾಕಬೇಡಿರೆಂದೂ ತಿಳಿಸಿದ. ಕಡಲಾಚೆ ಹೆಂಡತಿ ಮಗಳು ಕಾಯುತ್ತಿರುವಾಗ ಇದು ಅತಿಯಾಯಿತೆಂದು ನನಗನಿಸುತ್ತದೆ. ಅವರ ಬೇಗುದಿಯ ಲೆಕ್ಕ ಯಾವ ಪುಟದಲ್ಲಿಯೂ ಇಲ್ಲ. ನಡೆದೇ ಉತ್ತರದ ಯಾರ್ಕ್ ನಗರ ತಲುಪಿದ. ಅಲ್ಲಿ ಸಿಡುಬು ತಗುಲಿ, ಕ್ವೇಕರ್ ಕುಟುಂಬವೊಂದರ ಆರೈಕೆಯಲ್ಲಿ ಅಕ್ಟೋಬರ್ ೭ರಂದು ತೀರಿಕೊಂಡ.

ಸಾಯುವ ಮುನ್ನ ಶವಪೆಟ್ಟಿಗೆಯ ಬಗ್ಗೆ ಬರೆಸಿದ್ದ. ಅದನ್ನು ಓಕ್ ಮರದಿಂದ ಮಾಡಬಾರದು, ಓಕ್ ಬೇರೆ ಕೆಲಸಗಳಿಗೆ ಹೆಚ್ಚು ಉಪಯುಕ್ತ. ಆ್ಯಶ್ ಮರ ಸಾಕು. ಖರ್ಚನ್ನು ಯಾರೂ ಹೊರಬೇಕಾಗಿಲ್ಲ, ತನ್ನ ಉಡುಪುಗಳನ್ನೇ ಆ ಬಾಬ್ತಿಗೆ ತೆಗೆದುಕೊಳ್ಳಬಹುದು.