ವೈದ್ಯರೊಬ್ಬರ ಕೊಡುಗೈ

ರೋಗಿಯ ನಾಡಿ ಹಿಡಿದು ರೋಗವನ್ನು ಹೇಳುವುದು ವೈದ್ಯನ ಧರ್ಮ. ಅದರೊಡನೆ ಊರಿನ ನಾಡಿಯನ್ನೂ ಹಿಡಿದು ನೋಡುವ ವೈದ್ಯರು ವಿರಳ. ನಮ್ಮ ಕರಾವಳಿಯಲ್ಲಿ ಅಂಥವರೊಬ್ಬರು ಆಗಿಹೋದರು. ಅವರೇ ಡಾಕ್ಟರ್ ತೋನ್ಸೆ ಮಾಧವ ಅನಂತ ಪೈ. ಸುಳ್ಯ, ಪುತ್ತೂರುಗಳ ಕಡೆ ಮಣಿಪಾಲದ ಹೆಸರನ್ನು ಕೇಳದ ಮನೆಯಿಲ್ಲ. ಆದರೆ ಆ ಹೆಸರಿನ ಹಿಂದಿರುವ ಜಮಾಖರ್ಚನ್ನು ಬಲ್ಲವರು ಎಷ್ಟು ಮಂದಿ?

ಪೈಗಳು ಹುಟ್ಟಿದ್ದು 1898ರಲ್ಲಿ, ಉಡುಪಿಯ ಬಳಿಯ ಕಲ್ಯಾಣಪುರದಲ್ಲಿ. ಮದರಾಸಿನಲ್ಲಿ ವೈದ್ಯ ಪದವಿ ಪಡೆದು, ಊರಿಗೆ ಮರಳಿ ಚಿಕಿತ್ಸೆಗೆ ತೊಡಗಿದರು. ಆ ಕಾಲಕ್ಕೆ ಕೈಮಗ್ಗದ ಕಸಬು ಕುಸಿದು ನೇಕಾರರು ಕಂಗಾಲಾಗಿದ್ದರು. ಹಸಿದ ಹೊಟ್ಟೆಗೆ ಔಷಧದ ಸೀಸೆಯೊಂದನ್ನೇ ಕೊಟ್ಟರೆ ಫಲವೇನು? 1925ರಲ್ಲಿ ಅವರು, ಅಣ್ಣ ಉಪೇಂದ್ರ ಪೈ ಮತ್ತು ಎಂಜಿನಿಯರ್ ವಾಮನ ಕುಡ್ವರ ಜೊತೆಗೂಡಿ, ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ತೆರೆದರು. ಕೂಡಿಸಿದ ಬಂಡವಾಳ 8,000 ರೂಪಾಯಿ.

ಇಲ್ಲಿ ವಾಚಕರು ಗಮನಿಸಬೇಕಾದುದು 1928ರಲ್ಲಿ ಮೊದಲಾದ ಪಿಗ್ಮಿ ಠೇವಣಿಯನ್ನು. ಬಡವನು ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುತ್ತಾನೆ. ಆದುದರಿಂದ ಬ್ಯಾಂಕೇ ಅವನ ಮನೆಬಾಗಿಲಿಗೆ ಹೋಗಲಿ ಎಂಬುದು ಅದರ ತಿರುಳು. ಏಜೆಂಟನು ದಿನವೂ ಬಂದು ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಲೆಕ್ಕ ಬರೆದುಕೊಳ್ಳುವನು. ದಿನಕ್ಕೆ ಎರಡಾಣೆಯಂತೆ ಒಂದು ವರ್ಷ ಕಟ್ಟಿದರೆ 730 ಆಣೆ, ಎಂದರೆ 45 ರೂಪಾಯಿ 10 ಆಣೆ! ಕೂಲಿಯವನಿಗೆ, ಹೂ ಮಾರುವವಳಿಗೆ, ಬೀದಿಯ ಅಂಗಡಿಕಾರನಿಗೆ ಇದು ಸಣ್ಣ ಗಂಟಲ್ಲ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಯನ್ನು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿಸುತ್ತೇವೆ. ಪೈಗಳು ಅದನ್ನು ಲೆಕ್ಕದ ಪುಸ್ತಕದಲ್ಲಿ ಬರೆದು ತೋರಿಸಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಈ ಸಂಸ್ಥೆ 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು.

ಗಳಿಕೆಯ ಕೈ ಇದಾದರೆ ಕೊಡುವ ಕೈ ಯಾವುದು? ಪೈಗಳು ಆರಿಸಿದ್ದು ವಿದ್ಯೆಯನ್ನು. 1942ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಅಕಾಡೆಮಿ ಆಫ್ ಜನರಲ್ ಎಜುಕೇಷನ್ ಹುಟ್ಟಿತು. 1949ರಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು, 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಬಂದವು. ವೈದ್ಯಕೀಯ ಕಾಲೇಜು ಎಂದರೆ ಸರಕಾರಕ್ಕೆ ಮಾತ್ರ ಸಾಧ್ಯ ಎನ್ನುತ್ತಿದ್ದ ದಿನಗಳವು. ಪೈಗಳು ಪಾಠವನ್ನು ಮಣಿಪಾಲದಲ್ಲಿ ಆರಂಭಿಸಿ, ರೋಗಿಗಳ ಬಳಿಯ ಶಿಕ್ಷಣಕ್ಕೆ ಮಂಗಳೂರಿನ ಸರಕಾರಿ ವೆನ್‌ಲಾಕ್ ಆಸ್ಪತ್ರೆಯನ್ನು ಬಳಸಿಕೊಳ್ಳುವ ಏರ್ಪಾಡು ಮಾಡಿದರು. ವೆಚ್ಚದ ಬಹುಪಾಲನ್ನು ವಿದ್ಯಾರ್ಥಿಗಳ ಕಡೆಯವರಿಂದಲೇ ಎತ್ತಲಾಯಿತು. 1972ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು, 1979ರಲ್ಲಿ ತೀರಿಕೊಂಡರು.

ಚರ್ಚೆ ಹುಟ್ಟುವುದು ಇಲ್ಲಿಯೇ. ಹಣ ಕೊಟ್ಟವನ ಮಗನಿಗೆ ಪೀಠ ದೊರೆತರೆ ಅದನ್ನು ದಾನವೆನ್ನಬಹುದೇ? ಆ ಹಣವಿಲ್ಲದೆ ಗುಡ್ಡದ ಮೇಲೆ ಆಸ್ಪತ್ರೆ ಏಳುತ್ತಿರಲಿಲ್ಲ ಎಂಬುದು ನಿಜ. ಬಡವನ ಜಾಣಮಗ ಬಾಗಿಲಲ್ಲೇ ನಿಲ್ಲಬೇಕಾಯಿತು ಎಂಬುದೂ ನಿಜವೇ. ಇಂಥ ವಂತಿಗೆಯನ್ನು ನಿಷೇಧಿಸಿ ಕರ್ನಾಟಕವು 1984ರಲ್ಲಿ ಕಾಯಿದೆ ಮಾಡಿತು. ಪೈಗಳ ಹೆಸರಿನ ಪ್ರತಿಷ್ಠಾನವೇ ಹೂಡಿದ ಮೊಕದ್ದಮೆಯಲ್ಲಿ, 2002ರಲ್ಲಿ, ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಾಧೀಶರ ಪೀಠವು ಖಾಸಗಿಯವರಿಗೆ ವಿದ್ಯಾಸಂಸ್ಥೆ ನಡೆಸುವ ಹಕ್ಕುಂಟು, ಮಿತವಾದ ಉಳಿಕೆಗೂ ಅಡ್ಡಿಯಿಲ್ಲ, ಆದರೆ ವಂತಿಗೆಯೂ ಲಾಭಕೋರತನವೂ ಸಲ್ಲವೆಂದು ವಿಧಿಸಿತು.

ಇದಕ್ಕೆ ಎದುರಾಗಿ ಇನ್ನೊಬ್ಬ ದಾನಿಯನ್ನು ನೆನೆಯೋಣ. ಮಂಗಳೂರಿನ ವಕೀಲ ಕಾರ್ನಾಡ ಸದಾಶಿವರಾಯರು ತಮ್ಮ ಆಸ್ತಿಯನ್ನೆಲ್ಲ ಕಾಂಗ್ರೆಸ್ಸಿಗೂ ಸ್ವಾತಂತ್ರ್ಯದ ಹೋರಾಟಕ್ಕೂ ಸುರಿದು, 1937ರಲ್ಲಿ ಬಡವರಾಗಿ ಕಣ್ಣುಮುಚ್ಚಿದರು. ಒಬ್ಬರದು ಹಣತೆಯಂತೆ ಉರಿದು ಮುಗಿಯುವ ಕೊಡುಗೆ. ಇನ್ನೊಬ್ಬರದು ಬೀಜದಂತೆ ಬಿತ್ತಿ ಬೆಳೆಸುವ ಕೊಡುಗೆ. ಕತ್ತಲೆಗೆ ಹಣತೆ ಬೇಕು, ಬರಕ್ಕೆ ಬೀಜ ಬೇಕು. ಹಣತೆಯಲ್ಲಿ ಏನೂ ಉಳಿಯದು. ಬೀಜ ಬಿತ್ತಿದರೆ ಫಸಲು ಬರುವುದರಿಂದ, ಫಸಲು ಯಾರ ಕಣಜಕ್ಕೆ ಹೋಯಿತೆಂದು ಕೇಳಬೇಕಾಗುತ್ತದೆ.

ಮಣಿಪಾಲದಲ್ಲಿ ಕಂಡಂಥ ಬಿತ್ತನೆ ನಮ್ಮ ಸುಳ್ಯದಲ್ಲೂ ನಡೆಯಿತು. ಕುರುಂಜಿ ವೆಂಕಟರಮಣ ಗೌಡರು 1976ರಲ್ಲಿ ನೆಹರು ಮೆಮೋರಿಯಲ್ ಕಾಲೇಜನ್ನು ಸ್ಥಾಪಿಸಿದರು. ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳು ಅದನ್ನು ಹಿಂಬಾಲಿಸಿದವು. ಪದವಿಗಾಗಿ ಘಟ್ಟದ ತಪ್ಪಲಿನ ಮಕ್ಕಳು ಊರು ಬಿಡಲೇಬೇಕೆಂಬ ನಿರ್ಬಂಧ ತಪ್ಪಿತು.

ಆದುದರಿಂದ ವಾಚಕರೇ, ದಾನಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿದ್ದನ್ನು ಕಂಡಾಗ ಕೈಮುಗಿಯಿರಿ, ತಪ್ಪೇನಿಲ್ಲ. ಜೊತೆಗೆ ಎರಡು ಪ್ರಶ್ನೆಗಳನ್ನೂ ಕೇಳಿಕೊಳ್ಳಿರಿ: ಈ ಹಣ ಯಾರಿಂದ ಬಂದಿತು? ಈ ಬಾಗಿಲು ಯಾರಿಗೆ ತೆರೆದಿದೆ? ಎರಡಾಣೆಯವನಿಗೂ ಖಾತೆ ತೆರೆದ ವೈದ್ಯರ ನೆನಪಿಗೆ ನಾವು ಸಲ್ಲಿಸಬಹುದಾದ ಗೌರವವೆಂದರೆ, ಅವನ ಮಗಳಿಗೂ ತರಗತಿಯಲ್ಲಿ ಒಂದು ಪೀಠ ಇದೆಯೇ ಎಂದು ನೋಡಿಕೊಳ್ಳುವುದು.