ಕರೆದರೆ ಬಾರದ ನಾಯಿ

ಸಕಲೇಶಪುರ, ಆಲೂರಿನ ಕಾಫಿ ತೋಟಗಳ ನಡುವೆ ನಾಯಿಯಿಲ್ಲದ ಮನೆ ಹುಡುಕುವುದು ಕಷ್ಟ. ‘ನಮ್ಮ ನಾಯಿ ಹೇಳಿದ ಮಾತು ಕೇಳುತ್ತದೆ’ ಎನ್ನುವ ಮನೆ ಹುಡುಕುವುದೂ ಅಷ್ಟೇ ಕಷ್ಟ! ಎಷ್ಟು ಕೂಗಿದರೂ ಗಿಡಗಳ ಸಂದಿಗೆ ನುಗ್ಗಿದ್ದು ತಿರುಗಿ ನೋಡುವುದಿಲ್ಲ. ಬೇರೆ ಊರುಗಳಲ್ಲಿ ಇದು ನಗುವ ಸಂಗತಿಯಾದೀತು. ಕಾಡಾನೆಗಳು ತೋಟದೊಳಗೇ ಓಡಾಡುವ ಈ ಸೀಮೆಯಲ್ಲಿ ಅಲ್ಲ.

ಆನೆಯನ್ನು ಕಂಡ ನಾಯಿ ಬೊಗಳುತ್ತಾ ಹತ್ತಿರ ಹೋಗುತ್ತದೆ. ಆನೆ ತಿರುಗಿಬಿದ್ದರೆ ಅದು ಓಡಿಬರುವುದು ಎಲ್ಲಿಗೆ? ಯಜಮಾನನ ಕಾಲಬುಡಕ್ಕೆ. ಬೆನ್ನಿಗೇ ಆನೆ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ದಸರಾ ಅಂಬಾರಿ ಹೊತ್ತ ಅರ್ಜುನನೇ ಕಾಡಾನೆಯೊಡನೆ ಕಾದಾಡಿ ಸತ್ತ. ಇನ್ನು ನಾಯಿಯ, ಮನುಷ್ಯರ ಪಾಡೇನು? ಬೆಳಿಗ್ಗೆ ಶಾಲೆಯ ಬಸ್ಸು ಹಿಡಿಯಲು ತೋಟದ ದಾರಿಯಲ್ಲಿ ನಡೆಯುವ ಮಕ್ಕಳ ಹಿಂದೆ ಮನೆಯ ನಾಯಿಯೂ ಹೊರಡುವುದುಂಟು. ಕಾವಲಿಗಿರಲಿ ಎಂದು ಹಿರಿಯರು ಸುಮ್ಮನಿರುತ್ತಾರೆ. ಆನೆಯಿರುವ ಸುದ್ದಿ ಬಂದ ದಿನ ಎಂಥ ಜಾಣ ನಾಯಿಯಾದರೂ ಮನೆಯಲ್ಲಿರುವುದೇ ಕ್ಷೇಮ. ಮಾತು ಕೇಳದ್ದಂತೂ ಎಂದೂ ಜೊತೆಗೆ ಹೋಗಕೂಡದು.

ಹಾಗಾದರೆ ನಾಯಿ ಏಕೆ ಮಾತು ಕೇಳುವುದಿಲ್ಲ? ನಾಯಿ ಬಾಲ ಡೊಂಕು ಎಂದು ಗಾದೆ ಹೇಳಿ ಯಜಮಾನರು ಪಾರಾಗಿಬಿಡುತ್ತಾರೆ. ನಿಜ ಬೇರೆಯೇ ಇದೆ. ಒಂದು ಗಂಟೆ ಕೂಗಿಸಿಕೊಂಡು ಕೊನೆಗೆ ಬಾಲ ಅಲ್ಲಾಡಿಸುತ್ತಾ ಬಂದ ನಾಯಿಗೆ ಸಿಟ್ಟಿನಿಂದ ಎರಡು ಬಿಗಿಯುತ್ತಾರೆ ಎನ್ನಿ. ಓಡಿಹೋದದ್ದಕ್ಕೆ ಈ ಏಟು ಎಂದು ನಾಯಿಗೆ ತಿಳಿಯುವುದಿಲ್ಲ. ಆಗಷ್ಟೇ ಮಾಡಿದ ಕೆಲಸಕ್ಕೂ ಮರುಕ್ಷಣ ಸಿಕ್ಕಿದ್ದಕ್ಕೂ ಮಾತ್ರ ಅದು ಗಂಟು ಹಾಕುತ್ತದೆ. ಬಂದಿತು, ಏಟು ಬಿತ್ತು. ನಾಳೆ ಬರುವುದಿಲ್ಲ, ಅಷ್ಟೆ. ಇನ್ನು ಅಜ್ಜ ‘ಬಾ’ ಎನ್ನುತ್ತಾರೆ, ಮಗ ‘ಕಮ್’ ಎನ್ನುತ್ತಾನೆ, ಮೊಮ್ಮಗಳು ಸಿಳ್ಳೆ ಹಾಕುತ್ತಾಳೆ. ನಾಯಿ ಯಾವ ಭಾಷೆ ಕಲಿಯಬೇಕು?

ಜಾತಿಯ ಗುಣವೂ ಇದೆ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಕಣ್ಣಿಗೆ ಬಿದ್ದುದನ್ನು ಅಟ್ಟುವ ಬೇಟೆನಾಯಿ; ಮೊಲ ಕಂಡ ಮೇಲೆ ಅದಕ್ಕೆ ಕೂಗು ಕೇಳಿಸುವುದು ಕಷ್ಟ. ಪಕ್ಕದ ಮೂಡಿಗೆರೆಯಲ್ಲಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕಥೆ’ ಓದಿದ ಮಕ್ಕಳಿಗೆ ‘ಕಿವಿ’ ಗೊತ್ತು. ಅದು ಸ್ಪ್ಯಾನಿಯಲ್, ಪೊದೆಗೆ ನುಗ್ಗಿ ಹಕ್ಕಿ ಎಬ್ಬಿಸಲೆಂದೇ ಬೆಳೆಸಿದ ತಳಿ. ಅಂದಕ್ಕೆ ಮರುಳಾಗಿ ಮರಿ ತರುವ ಮೊದಲು ಇದನ್ನು ವಿಚಾರಿಸುವವರು ಕಡಿಮೆ. ಕೆಲವೊಮ್ಮೆ ಕಾಯಿಲೆಯೂ ಕಾರಣ. ಕಿವಿಯಲ್ಲಿ ಉಣ್ಣೆ ಕಚ್ಚಿಕೊಂಡ, ಮಳೆಗಾಲದಲ್ಲಿ ಮೂಗಿಗೆ ಇಂಬಳ ಹೊಕ್ಕ ನಾಯಿ ಮೊಂಡಾಗಿ ಕಂಡರೆ ಅದರ ತಪ್ಪಲ್ಲ.

ಕಲಿಸುವುದು ಮಕ್ಕಳೂ ಮಾಡಬಹುದಾದ ಕೆಲಸ. ಮನೆಯವರೆಲ್ಲ ಒಂದೇ ಪದ ಒಪ್ಪಿಕೊಳ್ಳಿ. ಕಾಫಿ ಒಣಗಿಸುವ ಕಣದಲ್ಲಿ, ಗಲಾಟೆಯಿಲ್ಲದ ಹೊತ್ತಿನಲ್ಲಿ, ಕೊರಳಪಟ್ಟಿಗೆ ಇಪ್ಪತ್ತು ಮೂವತ್ತು ಅಡಿಯ ಹಗ್ಗ ಕಟ್ಟಿ ಒಮ್ಮೆ ಮಾತ್ರ ಕರೆಯಿರಿ. ಬಾರದಿದ್ದರೆ ಮತ್ತೆ ಮತ್ತೆ ಕೂಗದೆ ಹಗ್ಗ ಮೆಲ್ಲಗೆ ಸುತ್ತಿಕೊಳ್ಳಿ. ಬಂದೊಡನೆ ಅಕ್ಕಿ ರೊಟ್ಟಿಯ ಚೂರು, ಬೆನ್ನು ತಟ್ಟುವಿಕೆ. ಹತ್ತು ನಿಮಿಷ ಸಾಕು, ಆದರೆ ದಿನವೂ ಆಗಬೇಕು. ಕಣದಲ್ಲಿ ಕಲಿತದ್ದನ್ನು ತೋಟದ ಅಂಚಿನಲ್ಲಿ, ಆಮೇಲೆ ಕೋಳಿಗಳಿರುವಲ್ಲಿ ಹೊಸದಾಗಿ ಕಲಿಸಬೇಕು. ಜಾಗ ಬದಲಾದರೆ ನಾಯಿಗೆ ಪಾಠವೂ ಹೊಸದು. ಬಂದ ನಾಯಿಯನ್ನು ಪ್ರತಿ ಸಲವೂ ಕಟ್ಟಿಹಾಕಬೇಡಿ. ನಾಲ್ಕು ಬಾರಿ ಮತ್ತೆ ಆಡಲು ಬಿಟ್ಟು ಐದನೆಯ ಬಾರಿ ಕಟ್ಟಿ.

ಹಗಲೆಲ್ಲ ಗಿಡ್ಡ ಸರಪಳಿ, ರಾತ್ರಿ ಪೂರ್ತಿ ಬಿಡುಗಡೆ ಎಂಬುದು ಇಲ್ಲಿನ ಹಳೆಯ ರೂಢಿ. ಎರಡೂ ತಪ್ಪೇ. ಸದಾ ಕಟ್ಟಿದ ನಾಯಿಗೆ ಓಡಾಟ ಕೊಡದಿರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಪರಾಧ. ರಾತ್ರಿ ಬಿಟ್ಟ ನಾಯಿ ಚಿರತೆಯ ಬಾಯಿಗೆ, ಹಂದಿಗೆ ಇಟ್ಟ ಉರುಳಿಗೆ ಸಿಗುತ್ತದೆ. ಇಲ್ಲವೇ ಕಾಡುಕುರಿಯನ್ನು ಅಟ್ಟುತ್ತದೆ. ಅದು ಯಾರನ್ನಾದರೂ ಕಚ್ಚಿದರೆ? ನಾಯಿಯಿಂದ ಆಗಬಹುದಾದ ಅಪಾಯ ತಡೆಯಲು ಎಚ್ಚರ ವಹಿಸದ ಯಜಮಾನನಿಗೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಡಿ ಆರು ತಿಂಗಳವರೆಗೆ ಸಜೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ‘ನಾಯಿ ಕೈಬಿಟ್ಟು ಹೋಯಿತು ಸ್ವಾಮಿ’ ಎಂದರೆ ಮುಗಿಯುವುದಿಲ್ಲ.

ಕಚ್ಚಿಸಿಕೊಂಡ ಮಗು ಬೈಗುಳಕ್ಕೆ ಹೆದರಿ ಮುಚ್ಚಿಡುವುದು ಎಲ್ಲಕ್ಕಿಂತ ಅಪಾಯ. ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆದು ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಅಪರೂಪದಲ್ಲಿ ಅಪರೂಪ. ಮರಿಗೆ ಮೂರು ತಿಂಗಳಾದಾಗ ಮೊದಲ ಲಸಿಕೆ, ಆಮೇಲೆ ಪಶುವೈದ್ಯರು ಹೇಳಿದ ಗಡುವಿಗೆ ಮತ್ತೆ. ಹಗ್ಗದಲ್ಲಿ ನಡೆಯಲು ಕಲಿತ ನಾಯಿಯಾದರೆ ಪಶು ಆಸ್ಪತ್ರೆಗೆ ಒಯ್ಯಲು ಜೀಪು, ಇಬ್ಬರು ಆಳು ಬೇಕಾಗುವುದಿಲ್ಲ.